ಕ್ಯಾಲಮಜೂ: ತಂತಿಗೆ ಕಿವಿ ಕೊಟ್ಟ ಊರು

ಕೆಲವು ಊರುಗಳ ಹೆಸರೇ ಮೀಟಿದ ತಂತಿಯಂತೆ ನುಡಿಯುತ್ತದೆ. ಅಮೆರಿಕದ ಮಿಷಿಗನ್ ಪ್ರಾಂತದ ನೈಋತ್ಯ ಭಾಗದಲ್ಲಿರುವ ಕ್ಯಾಲಮಜೂ ಅಂಥದೊಂದು ಊರು. ಮೊದಲು ಅದಕ್ಕೆ, ಅಲ್ಲಿ ನೆಲೆ ಹೂಡಿದ ಟೈಟಸ್ ಬ್ರಾನ್ಸನ್ ಎಂಬಾತನ ಹೆಸರೇ ಇತ್ತು. 1836ರಲ್ಲಿ ಜನರು ಆ ಹೆಸರನ್ನು ಅಳಿಸಿ, ಊರನ್ನು ಬಳಸಿ ಹರಿಯುವ ನದಿಯ ಹೆಸರನ್ನು ಊರಿಗೂ ಇಟ್ಟರು. ಆ ನೆಲದ ಮೂಲನಿವಾಸಿಗಳಾದ ಪೊಟವಾಟಮಿ ಜನರ ಮಾತಿನಿಂದ ಬಂದ ಪದವಂತೆ ಅದು. ಅರ್ಥವೇನೆಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಊರ ಹೆಸರಿನ ನಿಷ್ಪತ್ತಿಯ ವಿಷಯದಲ್ಲಿ ಒಮ್ಮತವಿರುವ ಪಂಡಿತರು ನಮ್ಮಲ್ಲಾದರೂ ಎಲ್ಲಿದ್ದಾರೆ?

ಷಿಕಾಗೋ ನಗರದಿಂದ ರೈಲು ಹತ್ತಿದರೆ ಸುಮಾರು ಎರಡೂವರೆ ಗಂಟೆಯ ಪ್ರಯಾಣ. ಮಹಾಸರೋವರದ ದಕ್ಷಿಣದ ಅಂಚನ್ನು ಬಳಸಿಕೊಂಡು, ನೈಲ್ಸ್, ಡೊವಾಜಿಯಾಕ್ ಎಂಬ ಪುಟ್ಟ ನಿಲ್ದಾಣಗಳನ್ನು ದಾಟಿ, ಜೋಳದ ಹೊಲಗಳ ನಡುವೆ ರೈಲು ಸಾಗುತ್ತದೆ. ದಾರಿಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳಬೇಕು. ನಾನು ಹೋದದ್ದು ಅಕ್ಟೋಬರಿನಲ್ಲಿ. ಎಲೆಗಳೆಲ್ಲ ಕುಂಕುಮ, ಅರಿಶಿನಗಳ ಬಣ್ಣಕ್ಕೆ ತಿರುಗಿ, ಮರಗಳು ಉದುರುವ ಮೊದಲು ಒಂದು ಸಲ ಹಬ್ಬ ಮಾಡಿಕೊಳ್ಳುತ್ತಿರುವಂತೆ ಕಾಣುತ್ತಿದ್ದವು. ಪ್ರವಾಸಿಗಳಿಗಾಗಿ ಅಲಂಕರಿಸಿಕೊಂಡ ಊರು ಇದಲ್ಲ. ಒಂದು ವಿಶ್ವವಿದ್ಯಾನಿಲಯ, ಔಷಧ ತಯಾರಿಕೆಯ ಹಳೆಯ ಖ್ಯಾತಿ, ಊರ ನಡುವೆ 1959ರಲ್ಲಿ ವಾಹನಗಳನ್ನು ದೂರವಿಟ್ಟು ಕಾಲ್ನಡಿಗೆಗೆಂದೇ ಬಿಟ್ಟುಕೊಟ್ಟ ಅಂಗಡಿಬೀದಿಯ ನೆನಪು, ಇಷ್ಟನ್ನು ನೋಡಿ ಮುಂದೆ ಹೋಗುವವರೇ ಹೆಚ್ಚು. ಆದರೆ ಗಿಟಾರು ನುಡಿಸುವವರಿಗೆ ಇದು ಕ್ಷೇತ್ರ. ಆ ಕ್ಷೇತ್ರದ ಗರ್ಭಗುಡಿ ಪಾರ್ಸನ್ಸ್ ಬೀದಿಯ 225ನೆಯ ನಂಬರಿನ ಇಟ್ಟಿಗೆಯ ಕಟ್ಟಡ.

ಆರ್ವಿಲ್ ಗಿಬ್ಸನ್ ಎಂಬ ಕುಶಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಊರಿನಲ್ಲಿ ಮ್ಯಾಂಡೊಲಿನ್‌ಗಳನ್ನು ತಯಾರಿಸುತ್ತಿದ್ದ. ಪಿಟೀಲಿನ ಮುಖದಂತೆ ಮರವನ್ನು ಉಬ್ಬಾಗಿ ಕೆತ್ತುವುದು ಆತನ ವಿಶೇಷ. 1902ರಲ್ಲಿ ಅವನ ಹೆಸರಿನಲ್ಲಿ ಕಂಪನಿ ಏರ್ಪಟ್ಟಿತು. 1917ರಲ್ಲಿ ಅದು ಪಾರ್ಸನ್ಸ್ ಬೀದಿಗೆ ಬಂದಿತು. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಗಂಡಸರು ರಣರಂಗಕ್ಕೆ ಹೋದಾಗ ಇಲ್ಲಿ ಉಳಿ ಹಿಡಿದವರು ಬಹುಮಟ್ಟಿಗೆ ಊರಿನ ಹೆಣ್ಣುಮಕ್ಕಳೇ. ಹಳೆಯ ಛಾಯಾಚಿತ್ರಗಳಲ್ಲಿ ಕಟ್ಟಡದ ಎತ್ತರದ ಚಿಮಣಿ ಎದ್ದು ಕಾಣುತ್ತದೆ. ಆ ಗೋಡೆಗಳ ಎದುರು ನಿಂತಾಗ ನನಗೆ ಮೈಸೂರಿನ ವೀಣೆಯ ಕುಶಲಿಗಳ ನೆನಪಾಯಿತು. ಅವರ ವೀಣೆಗೆ ಬೇಕಾದ ಬೀಟೆ ಮರವೇ ಇಂದು ಅಮೆರಿಕದ ಅನೇಕ ಗಿಟಾರುಗಳ ಬೆರಳುಹಲಗೆಯೂ ಆಗಿದೆ. ಹಿಂದೆ ಅಲ್ಲಿ ಬ್ರೆಜಿಲಿನ ಬೀಟೆಯನ್ನು ಬಳಸುತ್ತಿದ್ದರು. ಅದು ದುರ್ಲಭವಾದ ಮೇಲೆ ಭಾರತದ ಬೀಟೆ ಆ ಜಾಗಕ್ಕೆ ಬಂದಿತು. ಸಾವಿರಾರು ಮೈಲಿ ದೂರದ ಯುವಕನ ಬೆರಳು ನಮ್ಮ ದಕ್ಷಿಣದ ಕಾಡಿನ ಮರದ ಮೇಲೆ ಓಡಾಡುತ್ತಿರುತ್ತದೆ ಎಂಬುದು ಸಂತೋಷದ ಸಂಗತಿಯಲ್ಲವೆ?

ಆದರೆ ವಿದ್ಯುತ್ ಗಿಟಾರಿನಲ್ಲಿ ಮರ ಅರ್ಧ ಕಥೆ ಮಾತ್ರ. ವೀಣೆಯ ದನಿ ಅದರ ಕೊಡದಲ್ಲಿ ತುಂಬಿ ಹೊರಬರುತ್ತದೆ. ವಿದ್ಯುತ್ ಗಿಟಾರಿನ ಒಡಲಾದರೋ ಹಲವು ಮಾದರಿಗಳಲ್ಲಿ ಗಟ್ಟಿ ಹಲಗೆ. ತಂತಿಯ ಕೆಳಗೆ ಹುದುಗಿಸಿಟ್ಟಿರುವ ಪುಟ್ಟ ಪೆಟ್ಟಿಗೆಯೊಂದು ಅದರ ಪರವಾಗಿ ಕೇಳಿಸಿಕೊಳ್ಳುತ್ತದೆ. ಅದಕ್ಕೆ ಪಿಕಪ್ಪು ಎಂದು ಹೆಸರು. ಕನ್ನಡದಲ್ಲಿ ‘ಧ್ವನಿಗ್ರಾಹಿ’ ಎನ್ನಬಹುದಿತ್ತು, ಆದರೆ ಅದು ಧ್ವನಿಯನ್ನು ಗ್ರಹಿಸುವುದೇ ಇಲ್ಲ! ಅದರೊಳಗೆ ಒಂದು ಅಯಸ್ಕಾಂತ, ಅದರ ಬಳಿ ತಲೆಗೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸಲ ಸುತ್ತಿದ ಸುರುಳಿ, ಇಷ್ಟೇ ಇರುವುದು. ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಕದಲುತ್ತದೆ, ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಆ ಸಣ್ಣ ಮಿಡಿತವನ್ನು ಧ್ವನಿವರ್ಧಕ ದೊಡ್ಡದು ಮಾಡಿ ನಮಗೆ ಕೇಳಿಸುತ್ತದೆ.

ಇಂತಹ ಸುರುಳಿಗೆ ಒಂದು ದುರ್ಗುಣವುಂಟು. ತಂತಿಯ ಕಂಪನದ ಜೊತೆಗೆ, ಮನೆಯ ವಿದ್ಯುತ್ ತಂತಿಗಳಿಂದ ಹೊಮ್ಮುವ ಗುಂಯ್‌ಕಾರವನ್ನೂ ಅದು ಹೀರಿಕೊಳ್ಳುತ್ತದೆ. ಅಮೆರಿಕದಲ್ಲಿ ಆ ಗುಂಯ್‌ಕಾರ ಸೆಕೆಂಡಿಗೆ 60 ಆವರ್ತಗಳದು, ನಮ್ಮಲ್ಲಿ 50ರದು. ಇದಕ್ಕೆ ಮದ್ದು ಕಂಡುಹಿಡಿದವನು ಸೆತ್ ಲವರ್. 1910ರಲ್ಲಿ ಕ್ಯಾಲಮಜೂ ಊರಿನಲ್ಲೇ ಹುಟ್ಟಿ, ರೇಡಿಯೋ ಕೆಲಸದಲ್ಲಿ ಪಳಗಿ, ಗಿಬ್ಸನ್ ಕಾರ್ಖಾನೆಯನ್ನು ಸೇರಿದವನು. ಹೆಸರು ಲವರ್, ಆತನ ಪ್ರೇಮವೆಲ್ಲ ಸುರುಳಿಗಳ ಮೇಲೆ ಎಂದು ತೋರುತ್ತದೆ. ಒಂದು ಸುರುಳಿಯ ಬದಲು ಎರಡನ್ನು ಪಕ್ಕಪಕ್ಕದಲ್ಲಿಟ್ಟು, ಒಂದರ ಅಯಸ್ಕಾಂತಧ್ರುವವನ್ನು ಇನ್ನೊಂದಕ್ಕೆ ವಿರುದ್ಧವಾಗಿಸಿ, ಸುರುಳಿಗಳನ್ನೂ ಒಂದಕ್ಕೊಂದು ತಿರುಗುಮುರುಗಾಗಿ ಜೋಡಿಸಿದ. ಹೊರಗಿನ ಗುಂಯ್‌ಕಾರ ಎರಡಕ್ಕೂ ಒಂದೇ ರೀತಿ ಬರುವುದರಿಂದ, ಒಂದರಲ್ಲಿ ತಲೆಕೆಳಗಾಗಿ, ಎರಡೂ ಸೇರಿದಾಗ ಸೊನ್ನೆಯಾಗುತ್ತದೆ. ತಂತಿಯ ನಾದವಾದರೋ ಧ್ರುವದಿಂದ ಒಮ್ಮೆ, ಜೋಡಣೆಯಿಂದ ಒಮ್ಮೆ, ಹೀಗೆ ಎರಡು ಸಲ ತಿರುಗಿ ಮೊದಲಿನಂತೆಯೇ ಆಗುತ್ತದೆ. ಎರಡು ಋಣ ಸೇರಿ ಧನವಾಗುವ ಪಾಠಶಾಲೆಯ ಲೆಕ್ಕವೇ ಇದು. ಆದುದರಿಂದ ಗದ್ದಲ ಅಡಗಿ ನಾದ ಇಮ್ಮಡಿಸುತ್ತದೆ. ಇದೇ ಲೋಕಪ್ರಸಿದ್ಧವಾದ ‘ಹಮ್‌ಬಕರ್’.

1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, 1959ರಲ್ಲಿ ಅದು ಕೈಗೆ ಬಂದಿತು. 1957ರಿಂದ ಲೆಸ್ ಪಾಲ್ ಎಂಬ ಮಾದರಿಯ ಗಿಟಾರುಗಳಲ್ಲಿ ಈ ಪಿಕಪ್ಪು ಬರತೊಡಗಿತು. ಆ ಕಾಲದ ಪಿಕಪ್ಪುಗಳ ಬೆನ್ನಿಗೆ ‘ಪೇಟೆಂಟಿಗೆ ಅರ್ಜಿ ಸಲ್ಲಿಸಲಾಗಿದೆ’ ಎಂಬ ಸಣ್ಣ ಚೀಟಿ ಅಂಟಿಸಿರುತ್ತಿತ್ತು. 1960ರ ದಶಕದಲ್ಲಿ ಚೀಟಿಯ ಮೇಲೆ ಪೇಟೆಂಟಿನ ನಂಬರು ಬಂದಿತು, ಆದರೆ ಅದು ಪಿಕಪ್ಪಿನ ನಂಬರಲ್ಲ! ತಂತಿಗಳ ತುದಿಯನ್ನು ಬಿಗಿಯುವ ಬೇರೊಂದು ಭಾಗದ ಪೇಟೆಂಟಿನದು. ಹಳೆಯ ಚೀಟಿಯಿರುವ ಪಿಕಪ್ಪಿಗೆ ಇಂದು ರಸಿಕರು ಕೊಡುವ ಬೆಲೆಯನ್ನು ಕೇಳಿದರೆ ಮಧ್ಯಮವರ್ಗದ ಸಂಸಾರಿಯ ಎದೆಯಲ್ಲೂ ಗುಂಯ್‌ಕಾರ ಎದ್ದೀತು. ಆಗ ಸುತ್ತುವ ಯಂತ್ರಗಳಲ್ಲಿ ಎಣಿಕೆ ಕಟ್ಟುನಿಟ್ಟಾಗಿರಲಿಲ್ಲ. ಒಂದು ಸುರುಳಿಗೆ ಸುಮಾರು 5,000 ಸುತ್ತು ಎಂದಿದ್ದರೂ ಒಂದರಲ್ಲಿ ಹೆಚ್ಚು, ಒಂದರಲ್ಲಿ ಕಡಿಮೆ. ಹೀಗಾಗಿ ಒಂದರ ದನಿ ಇನ್ನೊಂದಕ್ಕಿರಲಿಲ್ಲ. ಅಂದಿನ ಆ ಏರುಪೇರನ್ನೇ ಇಂದಿನವರು ವರವೆಂದು ಹುಡುಕುತ್ತಾರೆ.

ನಾನು ಕ್ಯಾಲಮಜೂಗೆ ಹೋದದ್ದು ಈ ಕ್ಷೇತ್ರದ ದರ್ಶನಕ್ಕಲ್ಲ, ನನ್ನ ಸೋದರಮಾವನವರ ಮನೆಗೆ. ಅವರು 1979ರಲ್ಲಿ ಮೈಸೂರಿನಿಂದ ಅಲ್ಲಿಯ ವಿಶ್ವವಿದ್ಯಾನಿಲಯಕ್ಕೆ ರಸಾಯನಶಾಸ್ತ್ರ ಓದಲು ಹೋಗಿ, ಅಲ್ಲಿಯೇ ಕೆಲಸ ಹಿಡಿದು, ಅಲ್ಲಿಯೇ ಎರಡು ವರ್ಷದ ಹಿಂದೆ ತೀರಿಕೊಂಡರು. ಮನೆಯಲ್ಲಿ ಈಗ ಅತ್ತೆಯೂ ಅವರ ಮಗಳೂ ಇದ್ದಾರೆ. ಮಾವನವರ ತಾಯಿ ವೀಣೆ ನುಡಿಸುತ್ತಿದ್ದರು. ಆ ನಾದ ಕಿವಿಯಲ್ಲಿ ತುಂಬಿಕೊಂಡಿದ್ದ ಮಾವ, ಪರದೇಶದಲ್ಲಿ ವೀಣೆ ಸಿಕ್ಕದೆ, 1983ರಲ್ಲಿ ಮೊದಲ ಸಂಬಳದ ಹಣದಲ್ಲಿ ಬೇರೆಯವರು ನುಡಿಸಿ ಬಿಟ್ಟಿದ್ದ ಒಂದು ಲೆಸ್ ಪಾಲ್ ಗಿಟಾರನ್ನು ಕೊಂಡರು. ದಿನವೂ ಸಂಜೆ ಊಟಕ್ಕೆ ಮೊದಲು ಅರ್ಧ ಗಂಟೆ ಅದರಲ್ಲಿ ದೇವರನಾಮಗಳ ಮಟ್ಟನ್ನು ನುಡಿಸುತ್ತಿದ್ದರಂತೆ.

ಆ ಗಿಟಾರಿನ ತಲೆಯ ಹಿಂದೆ ಎಂಟು ಅಂಕಿಗಳನ್ನು ಒತ್ತಿದ್ದಾರೆ. 1977ರಿಂದ ಗಿಬ್ಸನ್ ಕಂಪನಿ ಬಳಸಿದ ಕ್ರಮದಲ್ಲಿ ಮೊದಲನೆಯ ಮತ್ತು ಐದನೆಯ ಅಂಕಿ ಸೇರಿ ವರ್ಷ, ನಡುವಿನ ಮೂರು ಅಂಕಿ ವರ್ಷದ ಎಷ್ಟನೆಯ ದಿನವೆಂಬುದು. ಕೊನೆಯ ಮೂರು ಅಂಕಿ 500ಕ್ಕಿಂತ ಕಡಿಮೆಯಾಗಿದ್ದರೆ ಆ ದಿನಗಳಲ್ಲಿ ಅದು ಕ್ಯಾಲಮಜೂ ಕಾರ್ಖಾನೆಯದು, 500 ಅಥವಾ ಹೆಚ್ಚಾಗಿದ್ದರೆ ನ್ಯಾಷ್‌ವಿಲ್ ಊರಿನದು. ಶಾಸನದ ಕಾಲನಿರ್ಣಯ ಮಾಡುವ ಉತ್ಸಾಹದಿಂದ ನಾನೂ ನನ್ನ ಮಾವನ ಮಗಳೂ ಲೆಕ್ಕ ಹಾಕಿದೆವು. 1980ರ 172ನೆಯ ದಿನ, ಅಂದರೆ ಜೂನ್ 20, ಶುಕ್ರವಾರ. ಸ್ಥಳ ಪಾರ್ಸನ್ಸ್ ಬೀದಿ. ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಹುಟ್ಟಿದ ವಾದ್ಯ.

ಆ ಗಿಟಾರಿಗೆ ಎರಡು ಪಿಕಪ್ಪುಗಳು. ಕತ್ತಿನ ಬಳಿಯದು ತಂತಿ ಅಗಲವಾಗಿ ತೂಗುವ ಜಾಗದಲ್ಲಿರುವುದರಿಂದ ಅದರ ದನಿ ಮಂದ್ರ, ಮೃದು. ಕುದುರೆಯ ಬಳಿಯದು ತಂತಿ ಬಿಗಿಯಾಗಿರುವ ಜಾಗದಲ್ಲಿರುವುದರಿಂದ ಅದರ ದನಿ ಚುರುಕು, ತೀಕ್ಷ್ಣ. ಒಂದು ಕೀಲಿಯನ್ನು ಮೇಲಕ್ಕೋ ಕೆಳಕ್ಕೋ ಒತ್ತಿ ಬೇಕಾದುದನ್ನು ಆರಿಸಿಕೊಳ್ಳಬಹುದು. ಮಾವನವರು ಹೋದ ಮೇಲೆ ಮಗಳು, ತನ್ನ ಗೆಳತಿಯರ ವಾದ್ಯಗೋಷ್ಠಿಗೆಂದು, ಗಿಟಾರನ್ನು ಪೆಟ್ಟಿಗೆಯಿಂದ ತೆಗೆದು ಕೀಲಿಯನ್ನು ಕೆಳಕ್ಕೆ ಒತ್ತಿದಳು. ಸದ್ದಿಲ್ಲ. ಕುದುರೆಯ ಪಿಕಪ್ಪು ಸತ್ತುಹೋಗಿತ್ತು.

ಇಲ್ಲಿಂದ ಆ ಮನೆಯ ತಾಯಿಮಗಳ ನಡುವೆ ಮಾತು ಬೆಳೆಯಿತು. ಮಗಳಿಗೆ ಆ ಕಡೆಯ ದನಿ ಬೇಕೇ ಬೇಕು, ಅದಿಲ್ಲದೆ ಅವಳ ಸಂಗೀತ ನಡೆಯದು. ತಾಯಿಗೆ ಆ ವಾದ್ಯದ ಒಂದು ತಿರುಪೂ ಕದಲಬಾರದು. “ಅವರು ಮುಟ್ಟಿದ್ದನ್ನೆಲ್ಲ ಒಂದೊಂದಾಗಿ ತೆಗೆದು ಹಾಕಿದರೆ ಆಮೇಲೆ ಅದರಲ್ಲಿ ಅವರದು ಅಂತ ಏನು ಉಳಿಯುತ್ತೆ?” ಎಂದು ಅತ್ತೆ ಕೇಳಿದರು. “ಯಾರೂ ನುಡಿಸದೆ ಪೆಟ್ಟಿಗೆಯಲ್ಲಿ ಮಲಗಿದ್ದರೆ ಉಳಿದ ಹಾಗೆಯೇ?” ಎಂದು ಮಗಳ ಪ್ರಶ್ನೆ. ಎರಡೂ ನ್ಯಾಯವಾದ ಪ್ರಶ್ನೆಗಳು. ಅತಿಥಿಯಾಗಿ ಬಂದವನು ಇಂತಹ ಸಮಯದಲ್ಲಿ ಕಾಫಿ ಕುಡಿಯುವುದರಲ್ಲಿ ಮಗ್ನನಾಗಿರುವುದೇ ಕ್ಷೇಮ.

ಗಿಟಾರಿನ ಪಿಕಪ್ಪನ್ನು ಬದಲಿಸುವುದು ಅಮೆರಿಕದಲ್ಲಿ ಒಂದು ದೊಡ್ಡ ವ್ಯಾಪಾರ. ನ್ಯೂಯಾರ್ಕಿನ ಲ್ಯಾರಿ ಡಿಮಾರ್ಜಿಯೋ 1972ರಲ್ಲಿ ‘ಸೂಪರ್ ಡಿಸ್ಟಾರ್ಷನ್’ ಎಂಬ ಪಿಕಪ್ಪನ್ನು ತಂದು ಈ ಮಾರುಕಟ್ಟೆಯ ಬಾಗಿಲು ತೆರೆದ. ಹೆಚ್ಚು ಸುತ್ತು, ಬಲವಾದ ಸೆರಾಮಿಕ್ ಅಯಸ್ಕಾಂತ. ಧ್ವನಿವರ್ಧಕವನ್ನೇ ಗರ್ಜಿಸುವಂತೆ ಮಾಡುವ ಪಿಕಪ್ಪು ಅದು. 1976ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಸೇಮೂರ್ ಡಂಕನ್ ತನ್ನ ಕಂಪನಿಯನ್ನು ಸ್ಥಾಪಿಸಿದ. ಆತ ಹಳೆಯ ಪಿಕಪ್ಪುಗಳನ್ನು ಹಸ್ತಪ್ರತಿಗಳಂತೆ ಅಭ್ಯಾಸ ಮಾಡಿದವನು. ಕ್ಯಾಲಮಜೂ ಕಾರ್ಖಾನೆಯಲ್ಲಿ ಸುರುಳಿ ಸುತ್ತುತ್ತಿದ್ದ ಲೀಸೋನಾ ಎಂಬ ಹಳೆಯ ಯಂತ್ರವನ್ನು ಆತನ ಕಂಪನಿ ಕೊಂಡುಕೊಂಡು ಕೆಲವು ಮಾದರಿಗಳಿಗೆ ಬಳಸಿತು. ಮುಪ್ಪಿನಲ್ಲಿದ್ದ ಸೆತ್ ಲವರ್‌ನನ್ನೇ ಜೊತೆಗಿರಿಸಿಕೊಂಡು ಅವನ ಮೊದಲ ಪಿಕಪ್ಪಿನ ಪ್ರತಿಯನ್ನು ತಯಾರಿಸಿ, ಅದಕ್ಕೆ ಅವನ ಹೆಸರನ್ನೇ ಇಟ್ಟ. ಲವರ್ 1997ರಲ್ಲಿ ತೀರಿಕೊಂಡ.

ಮಗಳ ಮನಸ್ಸು ಮೊದಲು ಗರ್ಜಿಸುವ ಪಿಕಪ್ಪಿನ ಕಡೆಗೆ ವಾಲಿತ್ತು. ಆದರೆ ಆರಿಸುವ ಮೊದಲು ಅಳೆಯಬೇಕೆಂದು ಅವಳೇ ಹೇಳಿ, ಅಡಿಗೆಮನೆಯ ಮೇಜಿನ ಮೇಲೆ ಹಳೆಯ ಬೆಡ್‌ಷೀಟು ಹಾಸಿ ಗಿಟಾರನ್ನು ಮಲಗಿಸಿದಳು. ಬೆನ್ನಿನ ಮುಚ್ಚಳ ಬಿಚ್ಚಿ ವಿದ್ಯುತ್ ಮಾಪಕದ ಎರಡು ಮುಳ್ಳುಗಳನ್ನು ಇಟ್ಟಳು. ಕತ್ತಿನ ಪಿಕಪ್ಪು ಏಳೂವರೆ ಕಿಲೋ ಓಮ್ ತೋರಿಸಿತು. ಹಮ್‌ಬಕರಿಗೆ ಇದು ಆರೋಗ್ಯದ ಲಕ್ಷಣ. ಕುದುರೆಯದು ಏನನ್ನೂ ತೋರಿಸಲಿಲ್ಲ, ಒಳಗೆಲ್ಲೋ ತಂತಿ ಕಡಿದಿತ್ತು. ಎರಡು ಸುರುಳಿಗಳನ್ನು ಬಿಚ್ಚಿ ಹಾಸಿದರೆ ಒಂದು ಕಿಲೋಮೀಟರಿಗೂ ಮೀರಿ ಉದ್ದವಾಗುವ ಆ ತಂತಿಯಲ್ಲಿ ಒಂದೇ ಕಡೆ ತುಕ್ಕು ಹಿಡಿದು ಬಿಟ್ಟುಕೊಂಡರೂ ಸಾಕು, ಇಡೀ ಪಿಕಪ್ಪು ಮೂಕವಾಗುತ್ತದೆ.

ಈ ಅಳತೆಯೇ ಆಯ್ಕೆಯ ದಾರಿಯನ್ನೂ ತೋರಿಸಿತು. ಕತ್ತಿನ ಪಿಕಪ್ಪು ಸಾತ್ತ್ವಿಕ ಸ್ವಭಾವದ್ದು. ಅದರ ಪಕ್ಕದಲ್ಲಿ ಎರಡರಷ್ಟು ಬಲದ ಪಿಕಪ್ಪನ್ನು ಕೂರಿಸಿದರೆ ಕೀಲಿ ತಿರುಗಿಸಿದಾಗಲೆಲ್ಲ ಒಂದು ಕೂಗುತ್ತದೆ, ಇನ್ನೊಂದು ಪಿಸುಗುಟ್ಟುತ್ತದೆ. ಎರಡನ್ನೂ ಕೂಡಿಸಿದಾಗ ಬಲವಾದದ್ದೇ ಮೇಲುಗೈ. ಹೊಸದನ್ನು ಆರಿಸುವಾಗ ಉಳಿದಿರುವುದರ ದನಿಯನ್ನು ಮೊದಲು ಕೇಳಬೇಕು ಎಂಬುದು ಈ ಕಸುಬಿನವರ ಮೊದಲ ಸೂತ್ರ. ಮನೆಗೆ ಸೊಸೆ ತರುವ ಹಿರಿಯರೂ ಈ ಸೂತ್ರವನ್ನು ಬಲ್ಲರು. ಮಗಳು ಗರ್ಜನೆಯ ಆಸೆಯನ್ನು ಬಿಟ್ಟು, ಲವರ್‌ನ ಹೆಸರಿನ ಸೌಮ್ಯವಾದ ಪಿಕಪ್ಪನ್ನು ತರಿಸಿದಳು. ಇದನ್ನು ಹಳೆಯ ಪದ್ಧತಿಯಂತೆ ಮೇಣದಲ್ಲಿ ಅದ್ದಿರುವುದಿಲ್ಲ. ಇಂದಿನ ಅನೇಕ ಪಿಕಪ್ಪುಗಳನ್ನು ಕರಗಿದ ಮೇಣದಲ್ಲಿ ಮುಳುಗಿಸಿ ಸುರುಳಿ ಅಲುಗದಂತೆ ಮಾಡುತ್ತಾರೆ. ಇಲ್ಲವಾದರೆ ಜೋರಾಗಿ ನುಡಿಸುವಾಗ ಕೀಚಲು ಶಬ್ದ ಏಳಬಹುದು. ನಮ್ಮ ವೀಣೆಯ ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನು ಹಿಡಿದಿರುವುದೂ ಮೇಣವೇ ಅಲ್ಲವೆ? ಅದು ಸಡಿಲವಾದಾಗ ಮೇಳ ಕಟ್ಟುವವರು ಬಂದು ಹೊಸ ಮೇಣದಲ್ಲಿ ಮೆಟ್ಟಿಲುಗಳನ್ನು ಮತ್ತೆ ಕೂರಿಸುತ್ತಾರೆ. ಆದರೂ ಅಜ್ಜಿಯ ವೀಣೆ ಅಜ್ಜಿಯದಾಗಿಯೇ ಉಳಿಯುತ್ತದೆ. ಅತ್ತೆಗೆ ನಾನು ಹೇಳಿದ್ದು ಈ ಒಂದು ಮಾತನ್ನು ಮಾತ್ರ. ಅವರು ಉತ್ತರ ಕೊಡಲಿಲ್ಲ, ಆದರೆ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು ಕುಳಿತರು.

ಆಗ ಮಗಳು ಕೀಲಿಯನ್ನು ತೋರಿಸಿ, “ಅಮ್ಮ, ಅಪ್ಪ ಇದನ್ನು ಯಾವಾಗಲೂ ಎಲ್ಲಿ ಇಡುತ್ತಿದ್ದರು?” ಎಂದು ಕೇಳಿದಳು. ಅತ್ತೆ ಯೋಚಿಸದೆ ಮೇಲಕ್ಕೆ ಬೆರಳು ತೋರಿಸಿದರು. ಮೇಲೆ ಎಂದರೆ ಕತ್ತಿನ ಪಿಕಪ್ಪು. ಮಂದ್ರದ, ವೀಣೆಗೆ ಹತ್ತಿರದ ದನಿ. ಕೆಳಗಿನದು ಎಷ್ಟು ವರ್ಷದಿಂದ ಮೂಕವಾಗಿತ್ತೋ, ಮಾವನವರು ಆ ಕಡೆಗೆ ಹೋದವರೇ ಅಲ್ಲ! ಅವರ ಸಂಜೆಗಳೆಲ್ಲ ಮೇಲಿನ ಪಿಕಪ್ಪಿನಲ್ಲಿಯೇ ಕಳೆದಿದ್ದವು. “ಅದನ್ನು ನಾನು ಮುಟ್ಟುವುದಿಲ್ಲ. ಅದರ ತಿರುಪನ್ನೂ ಮುಟ್ಟುವುದಿಲ್ಲ” ಎಂದಳು ಮಗಳು. ಅತ್ತೆ ಎದ್ದು ಹೋಗಿ, ಒಗ್ಗರಣೆ ಡಬ್ಬಿಯ ಪಕ್ಕದಲ್ಲಿದ್ದ ಬಿಸ್ಕತ್ತಿನ ತಗಡಿನ ಪೆಟ್ಟಿಗೆಯೊಂದನ್ನು ತೊಳೆದು ಒರೆಸಿ ತಂದಿಟ್ಟರು.

ಕೆಲಸ ಎರಡು ಗಂಟೆ ಹಿಡಿಯಿತು. ತಂತಿಗಳನ್ನು ಸಡಿಲಿಸಿ ತೆಗೆದಾಯಿತು. ಮೊದಲಿನ ಜೋಡಣೆಯ ಚಿತ್ರವನ್ನು ಕಾಗದದ ಮೇಲೆ ಬರೆದುಕೊಂಡಾಯಿತು. ಹಳೆಯ ಪಿಕಪ್ಪಿನ ತಂತಿಯನ್ನು ಅವಳು ಕತ್ತರಿಸಲಿಲ್ಲ. ಬೆಸುಗೆಯನ್ನು ಕಾಯಿಸಿ, ಕರಗಿಸಿ, ನಿಧಾನವಾಗಿ ಬಿಡಿಸಿದಳು. ಆ ಕಾಲದ ಅನೇಕ ಲೆಸ್ ಪಾಲ್ ಗಿಟಾರುಗಳಂತೆ ಇದರಲ್ಲಿಯೂ 500ರ ಬದಲು 300 ಕಿಲೋ ಓಮಿನ ನಿಯಂತ್ರಕಗಳಿದ್ದವು. ಅವು ದನಿಯ ಮೊನೆಯನ್ನು ತುಸು ಮಂದಗೊಳಿಸುತ್ತವೆಯಾದ್ದರಿಂದ ಹಲವರು ಅವನ್ನೂ ಕಿತ್ತು ಬದಲಿಸುತ್ತಾರೆ. “ಇರಲಿ, ಅಪ್ಪನ ದನಿ ಇದರ ಮೂಲಕವೇ ಬಂದದ್ದು” ಎಂದು ಅವಳು ಬಿಟ್ಟಳು. ಹೊಸದರ ತಂತಿಯನ್ನು ಮರದೊಳಗಿನ ಹಳೆಯ ರಂಧ್ರದಲ್ಲಿಯೇ ತೂರಿಸಿ, ಹಳೆಯ ಜಾಗದಲ್ಲಿಯೇ ಬೆಸೆದಳು. ಹೊಸ ತೂತು ಒಂದನ್ನೂ ಕೊರೆಯಲಿಲ್ಲ. ಕೊನೆಯ ಮೆಟ್ಟಿಲಿನಲ್ಲಿ ತಂತಿಯನ್ನು ಒತ್ತಿಹಿಡಿದು, ಪಿಕಪ್ಪಿಗೂ ತಂತಿಗೂ ನಡುವೆ ಸುಮಾರು 1.6 ಮಿಲಿಮೀಟರ್ ಅಂತರ ಇರುವಂತೆ ತಿರುಪುಗಳನ್ನು ಸರಿಪಡಿಸಿದಳು. ತೀರ ಹತ್ತಿರವಾದರೆ ಅಯಸ್ಕಾಂತ ತಂತಿಯನ್ನು ಹಿಡಿದೆಳೆದು ನಾದ ಬೇಗ ಸಾಯುತ್ತದೆ, ದೂರವಾದರೆ ದನಿ ಸೊರಗುತ್ತದೆ. ಕೊನೆಗೆ ಕೀಲಿಯನ್ನು ನಡುವೆ ನಿಲ್ಲಿಸಿ ಎರಡನ್ನೂ ಒಟ್ಟಿಗೆ ಕೇಳಿದೆವು. ಹೊಸದರ ಅಯಸ್ಕಾಂತ ಹಳೆಯದಕ್ಕೆ ಹೊಂದದಿದ್ದರೆ ಅಲ್ಲಿ ದನಿ ಟೊಳ್ಳಾಗಿ, ಮೂಗಿನಲ್ಲಿ ಮಾತಾಡಿದಂತೆ ಬರುತ್ತದೆ. ಹಾಗೆ ಬರಲಿಲ್ಲ. ತುಂಬಿದ ದನಿ ಬಂದಿತು.

ಕನ್ನಡ ಎಂ.ಎ. ಓದಿದವರಿಗೆ ಗ್ರಂಥಸಂಪಾದನೆಯ ಪಾಠ ನೆನಪಿರುತ್ತದೆ. ಓಲೆಗರಿಯಲ್ಲಿ ಅಕ್ಷರ ಮುರಿದುಹೋದೆಡೆ ಸಂಪಾದಕನು ತನಗೆ ಸರಿ ಕಂಡ ಪಾಠವನ್ನು ತುಂಬಬಹುದು, ತುಂಬಲೇಬೇಕು. ಇಲ್ಲವಾದರೆ ಪದ್ಯ ನಡೆಯುವುದಿಲ್ಲ. ಆದರೆ ಮೂಲದಲ್ಲಿ ಇದ್ದುದನ್ನು ಅಡಿಟಿಪ್ಪಣಿಯಲ್ಲಿ ಉಳಿಸತಕ್ಕದ್ದು. ಮುಂದೆ ಬರುವವನು ತಿದ್ದುಪಾಟನ್ನು ಒಪ್ಪದಿದ್ದರೆ ಹಿಂದಿರುಗಲು ದಾರಿ ಇರಬೇಕು. ಆ ಹುಡುಗಿ ಗ್ರಂಥಸಂಪಾದನೆಯ ಹೆಸರನ್ನೂ ಕೇಳಿದವಳಲ್ಲ. ಆದರೆ ಹಳೆಯ ಪಿಕಪ್ಪು, ಅದರ ನಾಲ್ಕು ತಿರುಪು, ಎರಡು ಸ್ಪ್ರಿಂಗು, ತಾನು ಬರೆದ ಚಿತ್ರ, ತೆಗೆದ ದಿನಾಂಕ, ಇವನ್ನೆಲ್ಲ ಬಿಸ್ಕತ್ತಿನ ಪೆಟ್ಟಿಗೆಯಲ್ಲಿಟ್ಟಾಗ ಅವಳು ಬರೆದದ್ದು ಒಂದು ಉತ್ತಮ ಅಡಿಟಿಪ್ಪಣಿಯನ್ನೇ. ಮುಂದೊಂದು ದಿನ ಸುರುಳಿಯನ್ನು ಮತ್ತೆ ಸುತ್ತಿಸಿ ಅದನ್ನೇ ಕೂರಿಸಬೇಕೆನಿಸಿದರೆ ಯಾವ ಅಡ್ಡಿಯೂ ಇಲ್ಲ.

ಮರುದಿನ ನಾವು ಮೂವರೂ ಪಾರ್ಸನ್ಸ್ ಬೀದಿಗೆ ಹೋದೆವು. ಗಿಬ್ಸನ್ ಕಂಪನಿ 1970ರ ದಶಕದಲ್ಲಿ ನ್ಯಾಷ್‌ವಿಲ್‌ನಲ್ಲಿ ಹೊಸ ಕಾರ್ಖಾನೆ ಕಟ್ಟಿತು. 1984ರಲ್ಲಿ ಕ್ಯಾಲಮಜೂ ಕಾರ್ಖಾನೆಯನ್ನು ಮುಚ್ಚಿತು. ಕೆಲವರು ಯಂತ್ರಗಳ ಹಿಂದೆ ಹೋದರು. ಜಿಮ್ ಡರ್ಲೋ, ಮಾರ್ವ್ ಲ್ಯಾಂಬ್, ಜೆ. ಪಿ. ಮೋಟ್ಸ್ ಮೊದಲಾದವರು ಊರು ಬಿಡಲೊಲ್ಲದೆ, 1985ರಲ್ಲಿ ಅದೇ ಕಟ್ಟಡದಲ್ಲಿ ‘ಹೆರಿಟೇಜ್’ ಎಂಬ ಹೊಸ ಹೆಸರಿನಿಂದ ಗಿಟಾರು ಮಾಡತೊಡಗಿದರು. ಒಡಲು ಅದೇ, ಕೈಗಳೂ ಬಹುಪಾಲು ಅವೇ. ಹೆಸರು ಮಾತ್ರ ಬೇರೆ. ಅತ್ತೆ ಆ ಗೋಡೆಯನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದರು. ನಲವತ್ತು ವರ್ಷ ಆ ಊರಿನಲ್ಲಿದ್ದೂ ಅವರು ಆ ಬೀದಿಗೆ ಬಂದದ್ದು ಅದೇ ಮೊದಲಂತೆ.

ಅಂದು ಸಂಜೆ ಊಟಕ್ಕೆ ಮೊದಲು ಮಗಳು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡಳು. ಮೊದಲು ಕೀಲಿಯನ್ನು ಕೆಳಗಿರಿಸಿ ತನ್ನ ಗೋಷ್ಠಿಯ ಚುರುಕಾದ ಹಾಡೊಂದನ್ನು ನುಡಿಸಿದಳು. ಅತ್ತೆ ಅಡಿಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು, ಏನೂ ಹೇಳಲಿಲ್ಲ. ಆಮೇಲೆ ಅವಳು ಕೀಲಿಯನ್ನು ಮೇಲಕ್ಕೆ ಒತ್ತಿ ನಾಲ್ಕು ಸ್ವರ ಮೀಟಿದಳು. ಒಲೆಯನ್ನು ಆರಿಸಿದ ಸದ್ದು ಕೇಳಿಸಿತು. ಅತ್ತೆ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಿನಲ್ಲಿ ನಿಂತು, “ಇನ್ನೊಂದು ಸ್ವಲ್ಪ ನಿಧಾನ. ಅವರು ನಿಧಾನವಾಗಿ ನುಡಿಸುತ್ತಿದ್ದರು” ಎಂದರು.